ಊಟದ ಕೋಣೆಯ ಫ್ರಿಜ್ಜಿನಲ್ಲಿ ಕೇಕ್ ನೀರಾದ ಬಗ್ಗೆ

ಸಂಖ್ಯೆ: ಆಡಳಿತ/ತಂಪು/ಕರಗಿದ್ದು/1

ವಿಷಯ: ಕಚೇರಿಯ ಫ್ರಿಜ್ಜಿನಲ್ಲಿ ಆಹಾರ ಇಡುವುದು, ಇಟ್ಟಿದ್ದನ್ನು ಅದರ ಪಾಡಿಗೆ ಬಿಡುವುದು ಹಾಗೂ ಮೇಲ್ವಿಚಾರಕಿಯವರ ತಾಯಿಯವರ ಹುಟ್ಟುಹಬ್ಬದ ಕುರಿತು.

ಉಲ್ಲೇಖ: (1) "ಫ್ರಿಜ್ ತಣ್ಣಗೇ ಇಲ್ಲ!" ಎಂದು ಬೆರಳಚ್ಚುಗಾರ್ತಿ ಪಡಸಾಲೆಯಲ್ಲಿ ಕೂಗಿದ್ದು.
(2) ಸದರಿ ಕೂಗಿಗೆ ಲೆಕ್ಕಿಗರು "ನಾನಲ್ಲ" ಎಂದು ನೀಡಿದ ಉತ್ತರ (ಅವರನ್ನು ಯಾರೂ ಕೇಳಿರಲಿಲ್ಲ).

ಪ್ರಸ್ತಾವನೆ: ಮೇಲ್ವಿಚಾರಕಿಯವರು ನಿಯಮ ನೋಡದೆ ಸೀನುವುದೂ ಇಲ್ಲವೆಂಬುದು ಸಿಬ್ಬಂದಿಗೆ ತಿಳಿದ ವಿಷಯ. ಅವರ ತಾಯಿಯವರಿಗೆ ಕಳೆದ ಶುಕ್ರವಾರ ಎಂಬತ್ತು ತುಂಬಿತು. ಸಾಯುವುದರೊಳಗೆ ಒಮ್ಮೆ ಐಸ್‌ಕ್ರೀಮಿನ ಕೇಕ್ ತಿನ್ನಬೇಕೆಂಬುದು ಆ ತಾಯಿಯವರ ಬಹುಕಾಲದ ಬೇಡಿಕೆ. ಅದರಂತೆ ಮಗಳು ಬೆಳಿಗ್ಗೆಯೇ ಗುಲಾಬಿ ಬಣ್ಣದ ಕೇಕ್ ತಂದು, ಸಂಜೆಯವರೆಗೆ ಇರಲೆಂದು ಕಚೇರಿ ಫ್ರಿಜ್ಜಿನ ಐಸ್ ಖಾನೆಯಲ್ಲಿಟ್ಟು, "ಯಾರಾದ್ರೂ ಮುಟ್ಟಿದ್ರೆ ನೋಡಿ!" ಎಂದು ಮೌಖಿಕ ಆದೇಶ ಹೊರಡಿಸಿದರು.

ಯಾರೂ ಮುಟ್ಟಲಿಲ್ಲ. ಎಲ್ಲರೂ ನೋಡಿದರು.

ಆದ್ದರಿಂದ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

1. ಕೇಕ್ ಇದೆಯೇ ಎಂದು ನೋಡಲು ಬೆರಳಚ್ಚುಗಾರ್ತಿ ಬಾಗಿಲು ತೆರೆದರು. ಬೆರಳಚ್ಚುಗಾರ್ತಿ ಉಳಿಸಿದ್ದಾರೆಯೇ ಎಂದು ಲೆಕ್ಕಿಗರು ತೆರೆದರು. ಯಾರು ಯಾರು ತೆರೆಯುತ್ತಿದ್ದಾರೆಂದು ಪತ್ತೆ ಹಚ್ಚಲು ಮೇಲ್ವಿಚಾರಕಿಯವರು ಎಲ್ಲರಿಗಿಂತ ಹೆಚ್ಚು ಸಲ ತೆರೆದರು. ಬೇಲಿ ಎದ್ದು ಹೊಲ ಮೇಯಲಿಲ್ಲ, ನಿಜ. ಆದರೆ ಕಾಯುತ್ತ ಕಾಯುತ್ತಲೇ ತುಳಿದುಹಾಕಿತು. ಇನ್ನು ಮುಂದೆ, ಒಳಗೇನಿದೆಯೆಂದು ಮೊದಲೇ ಗೊತ್ತಿರುವವರು ಮಾತ್ರ ಬಾಗಿಲು ತೆರೆಯತಕ್ಕದ್ದು. ಗೊತ್ತಿರುವವರಿಗೆ ತೆರೆಯುವ ಅಗತ್ಯ ಇರುವುದಿಲ್ಲ.

2. ಹಬೆಯಾಡುವ ಅನ್ನದ ಪಾತ್ರೆಯನ್ನು ಐಸ್ ಖಾನೆಯ ಕೆಳಗೇ ಇಟ್ಟ ಲೆಕ್ಕಿಗರು, "ಆರ್ಲಿ ಅಂತ ಇಟ್ಟೆ ಕಣ್ರೀ" ಎಂದು ಹೇಳಿಕೆ ನೀಡಿರುತ್ತಾರೆ. ಬಿಸಿ ಪದಾರ್ಥವನ್ನು ಹೊರಗೆ ಆರಿಸಿ, ಮುಚ್ಚಳ ಹಾಕಿ, ಅನಂತರ ಒಳಗಿಡತಕ್ಕದ್ದು. ಆರಿದೆಯೇ ಎಂದು ಬೆರಳಿಟ್ಟು ನೋಡುವಾಗ ಬೆರಳೂ ಅನ್ನವೂ ಒಬ್ಬರದ್ದೇ ಆಗಿರತಕ್ಕದ್ದು.

3. ಮಧ್ಯಾಹ್ನ ಫ್ರಿಜ್ಜಿನ ಅಡಿಯಿಂದ ನೀರು ಹರಿಯಿತು. ಡ್ರೈವರ್ ಜೀಪಿಗೆ ಬಾರಿಸುವಂತೆ ಅದರ ಪಕ್ಕೆಗೆ ಎರಡು ಬಾರಿಸಿದರು. ಬೆರಳಚ್ಚುಗಾರ್ತಿ ತಂಪಿನ ತಿರುಗಣೆಯನ್ನು ಬಲಕ್ಕೆ ತಿರುಗಿಸಿದರು. ಲೆಕ್ಕಿಗರು ಎಡಕ್ಕೆ ತಿರುಗಿಸಿ ಸಮತೋಲನ ಕಾಪಾಡಿದರು. ಇನ್ನು ಮುಂದೆ ಹೊಡೆಯುವ ಮುನ್ನ ಪ್ಲಗ್ ನೋಡತಕ್ಕದ್ದು. ಪ್ಲಗ್ ಸರಿಯಿದ್ದಲ್ಲಿ ಬಾಗಿಲಿನ ರಬ್ಬರ್ ನೋಡತಕ್ಕದ್ದು: ಸಂದಿಗೆ ಕಾಗದ ಸಿಕ್ಕಿಸಿ ಬಾಗಿಲು ಹಾಕಿದಾಗ ಅದು ಜಾರಿದರೆ ರಬ್ಬರ್ ಸಡಿಲವಾಗಿದೆ ಎಂದರ್ಥ. ಈ ಪರೀಕ್ಷೆಗೆ ರಜೆ ಅರ್ಜಿಗಳನ್ನು ಬಳಸಬಹುದು. ಜಾರಿ ಬಿದ್ದ ಅರ್ಜಿ ಮಂಜೂರಾಗಿದೆಯೆಂದು ಯಾರೂ ಹಿಗ್ಗತಕ್ಕದ್ದಲ್ಲ.

4. ಗುರ್ ಎಂಬ ಸದ್ದು ಬಂದರೆ ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಸರಿಸಿ, ಕಾಲುಗಳು ಸಮವಾಗಿವೆಯೇ ನೋಡತಕ್ಕದ್ದು. ಆಮೇಲೂ ಸದ್ದು ನಿಲ್ಲದಿದ್ದಲ್ಲಿ ಅದು ಪಕ್ಕದ ಕೋಣೆಯ ಕಾವಲುಗಾರರದ್ದು. ಅವರನ್ನು ಸರಿಸತಕ್ಕದ್ದಲ್ಲ.

5. ಡಬ್ಬಿ ತೆರೆದಾಗ ಕೇಕ್ ಇರಲಿಲ್ಲ. ಗುಲಾಬಿ ಬಣ್ಣದ ಒಂದು ಕೆರೆಯಿತ್ತು. ಅದರ ಮೇಲೆ "ಅಮ್ಮ" ಎಂಬ ಅಕ್ಷರಗಳ ಪೈಕಿ ಒತ್ತಕ್ಷರವೊಂದು ತೇಲುತ್ತಿತ್ತು. ಮೇಲ್ವಿಚಾರಕಿಯವರು ಸ್ಟೂಲಿನ ಮೇಲೆ ಕುಸಿದು ಕುಳಿತರು. "ಬೆಳಿಗ್ಗೆಯಿಂದ ಹೊಸ ಸೀರೆ ಉಟ್ಕೊಂಡು ಕೂತಿದಾಳೆ ಕಣ್ರೀ. ಏನಂತ ಹೇಳ್ಲಿ ಅವಳಿಗೆ?" ಎಂದರು. ಈ ಪ್ರಶ್ನೆಗೆ ನಿಯಮಾವಳಿಯಲ್ಲಿ ಉತ್ತರ ಸಿಗಲಿಲ್ಲ. ಅವರ ಕಣ್ಣಲ್ಲಿ ನೀರು ಕಂಡಿದ್ದು ಇದೇ ಮೊದಲಾದ್ದರಿಂದ ಲೆಕ್ಕಿಗರು ಗಾಬರಿಯಾಗಿ ನೆಲ ಒರೆಸುವ ಬಟ್ಟೆಯನ್ನೇ ನೀಡಿದರು.

6. "ಮೇಡಂ, ಇದನ್ನ ಮನೆಗೆ ಒಯ್ಯೋಕಾಗಲ್ಲ. ಅಮ್ಮನ್ನೇ ಇಲ್ಲಿಗೆ ಕರ್ಕೊಂಡು ಬಂದ್ಬಿಡೋಣ," ಎಂದು ಬೆರಳಚ್ಚುಗಾರ್ತಿ ಸಲಹೆ ನೀಡಿದ್ದು, ಮಾತು ಮುಗಿಯುವ ಮೊದಲೇ ಡ್ರೈವರ್ ಜೀಪಿನಲ್ಲಿದ್ದರು. ಜೀಪನ್ನು ಕೇವಲ ಬ್ರೇಕ್ ಪರೀಕ್ಷೆಗಾಗಿ ಒಯ್ಯಲಾಗಿತ್ತು. ಬ್ರೇಕು ಮೇಲ್ವಿಚಾರಕಿಯವರ ಮನೆ ಮುಂದೆಯೇ ಹಿಡಿದದ್ದು ಕಾಕತಾಳೀಯ.

7. ಹೊಸ ಸೀರೆಯ ತಾಯಿಯವರನ್ನು ಮೇಲ್ವಿಚಾರಕಿಯವರ ಕುರ್ಚಿಯಲ್ಲಿ ಕೂರಿಸಿ, ಕೇಕನ್ನು ಟೀ ಲೋಟಕ್ಕೆ ಬಗ್ಗಿಸಿ ಕೊಡಲಾಯಿತು. "ಅಮ್ಮಾ, ಕರಗ್ಹೋಯ್ತಮ್ಮ" ಎಂದು ಮಗಳು ತಲೆ ತಗ್ಗಿಸಿ ನಿಂತರು. ತಾಯಿಯವರು ಒಂದು ಗುಟುಕು ಕುಡಿದರು. ಕಚೇರಿಯ ಎಲ್ಲ ಕೆಲಸ ಸ್ಥಗಿತಗೊಂಡಿತು. ಇನ್ನೊಂದು ಗುಟುಕು ಕುಡಿದರು. ಗುಲಾಬಿ ಮೀಸೆ ಮೂಡಿತು. "ಕರಗಿದ್ದೇ ಒಳ್ಳೇದಾಯ್ತು ಬಿಡೇ! ಬಾಯಲ್ಲಿ ಒಂದೂ ಹಲ್ಲಿಲ್ಲ, ಗಟ್ಟಿ ಇದ್ದಿದ್ರೆ ನೆಕ್ಕೊಂಡು ಕೂತಿರ್ಬೇಕಿತ್ತು. ಹಾಕು, ಇನ್ನೊಂದು ಲೋಟ," ಎಂದು ಆದೇಶಿಸಿದರು.

8. ಆಗ ಮೇಲ್ವಿಚಾರಕಿಯವರು ನಕ್ಕರು. ಇದಕ್ಕೆ ಪೂರ್ವನಿದರ್ಶನ ಇಲ್ಲವಾದ ಕಾರಣ ಸಿಬ್ಬಂದಿ ಮೊದಲು ಮುಖ ಮುಖ ನೋಡಿಕೊಂಡು, ಅನಂತರ ಸಾಮೂಹಿಕವಾಗಿ ನಕ್ಕರು. ಸಾಲಿನಲ್ಲಿ ನಿಂತಿದ್ದ ಸಾರ್ವಜನಿಕರಿಗೂ ಅರ್ಧರ್ಧ ಲೋಟ ವಿತರಿಸಲಾಯಿತು. ಅಂದು ಯಾವ ದೂರೂ ದಾಖಲಾಗಿಲ್ಲ.

9. ಇನ್ನು ಮುಂದೆ ಐಸ್‌ಕ್ರೀಮಿನ ಕೇಕನ್ನು ಪಾನೀಯವೆಂದು ಪರಿಗಣಿಸತಕ್ಕದ್ದು.

(ಸಹಿ)
ಮೇಲ್ವಿಚಾರಕಿ
(ಸಹಿಯ ಪಕ್ಕದ ಗುಲಾಬಿ ಕಲೆ ಮೊಹರಲ್ಲ)

ಪ್ರತಿಗಳು:
1. ಲೆಕ್ಕಿಗರಿಗೆ, ಅನ್ನ ಆರಿದ ಮೇಲೆ ಓದಲು.
2. ಡ್ರೈವರ್ ಅವರಿಗೆ, ಬ್ರೇಕ್ ಚೆನ್ನಾಗಿದೆಯೆಂಬ ಮೆಚ್ಚುಗೆಯೊಂದಿಗೆ.
3. ಫ್ರಿಜ್ಜಿನ ಬಾಗಿಲಿಗೆ. ಹೊರಭಾಗಕ್ಕೆ ಮಾತ್ರ ಅಂಟಿಸುವುದು. ಒಳಗೆ ಅಂಟಿಸಿದರೆ ಓದಲು ಮತ್ತೆ ತೆರೆಯುತ್ತಾರೆ.
4. ಮೇಲ್ವಿಚಾರಕಿಯವರ ತಾಯಿಯವರಿಗೆ, ದಪ್ಪ ಅಕ್ಷರಗಳಲ್ಲಿ. ಮುಂದಿನ ಶುಕ್ರವಾರವೂ ಹುಟ್ಟುಹಬ್ಬವೆಂದು ಅವರು ಹೂಡಿರುವ ವಾದವನ್ನು ಕಚೇರಿಯು ತಕರಾರಿಲ್ಲದೆ ಅಂಗೀಕರಿಸಿದೆ.