ಡ್ರೈಯರ್ ಸರದಿಗೊಂದು ಪ್ರೋಗ್ರಾಮ್

ಮೂಡಿಗೆರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನನಗೆ, ಒಂದು ಕಾಫಿ ಡ್ರೈಯರಿನ ಸರದಿ ಗೊತ್ತುಮಾಡುವುದು ಯಾವ ದೊಡ್ಡ ಕೆಲಸ?

ಕೊಯ್ಲಿನ ಹೊತ್ತಿಗೇ ಮಳೆ ಹಿಡಿದಿತ್ತು. ಕಣದಲ್ಲಿ ಕಾಫಿ ಒಣಗುವಂತಿರಲಿಲ್ಲ. ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಕೊಂಡಿದ್ದ ಡ್ರೈಯರ್ ಒಂದೇ ಗತಿ. ಅದು ನಮ್ಮ ಶೆಡ್ಡಿನಲ್ಲಿದ್ದದ್ದರಿಂದ ದಿನವೂ ಅಲ್ಲೇ ಜಗಳ. ನಮ್ಮ ಯಜಮಾನರು, ಸತೀಶ, "ನೀನೇ ಏನಾದ್ರೂ ಮಾಡು ಮಾರಾಯ್ತಿ" ಎಂದರು. ಪ್ರತಿ ಸಂಜೆ ಎಲ್ಲರ ಮೊಬೈಲಿಗೂ ನಾಳಿನ ಸರದಿ ಯಾರದೆಂದು ತಿಳಿಸುವ ಪ್ರೋಗ್ರಾಮ್ ಬರೆಯಲು ಕುಳಿತೆ.

ಅದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ವ್ಯವಸ್ಥೆ ಬಳಸಿದೆ. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಕೇಳುವ ಮೊದಲೇ ಕಾಯಿ, ಬೆಲ್ಲ ತಂದು ಕೈಗಿಡುವವರಿರುತ್ತಾರಲ್ಲ, ಪ್ರೋಗ್ರಾಮಿಗೆ ಇದು ಹಾಗೆ. ಸಂದೇಶದಲ್ಲಿ ಸರದಿಯವರ ಹೆಸರನ್ನು ನಾನೇ ಬರೆದಿಡಲಿಲ್ಲ. 'ಸರದಿದಾರ' ಎಂಬ ಮೆಥಡ್ಡನ್ನು, ಅಂದರೆ ಪಟ್ಟಿಯಿಂದ ಆ ದಿನದ ಹೆಸರು ತೆಗೆದುಕೊಡುವ ಪ್ರೋಗ್ರಾಮಿನ ತುಣುಕನ್ನು, ಕರೆದು ಕೇಳಿಕೊಳ್ಳಲಿ ಎಂದು ಸೆಟ್ಟಿಂಗಿನಲ್ಲಿ ಸೂಚಿಸಿದೆ. ಎಂಥ ಸೊಗಸು!

ಸಂಜೆ ಸಂದೇಶ ಹೋಯಿತು: "ನಾಳೆ ಡ್ರೈಯರ್ ಸರದಿ: ಸರದಿದಾರ()."

ಮೇಲಿನ ತೋಟದ ಇಬ್ರಾಹಿಂ ಸಾಬರು ಕೂಡಲೇ ಫೋನ್ ಮಾಡಿದರು. "ಮೇಡಂ, ಈ ಸರದಿದಾರ ಯಾರು? ಹೆಸರಿನ ಹಿಂದೆ ಎರಡು ಬಳೆ ಬೇರೆ ಇಟ್ಕೊಂಡಿದಾರೆ."

ಪ್ರೋಗ್ರಾಮು ಮೆಥಡ್ಡನ್ನು ಕರೆಯದೆ, ಅದರ ಹೆಸರನ್ನೇ ಉತ್ತರವೆಂದು ತಿಳಿದಿತ್ತು. 'ಇದು ಬರೀ ಅಕ್ಷರವಲ್ಲ, ಕರೆ' ಎಂದು ತಿದ್ದಿದೆ. ಮರುದಿನ ಪಕ್ಕದ ಮನೆಯ ಪುಟ್ಟೇಗೌಡರ ಹೆಸರು ಅಚ್ಚುಕಟ್ಟಾಗಿ ಬಂತು. ನಾನು ಬೀಗಿದೆ. ಅದರ ಮರುದಿನವೂ ಪುಟ್ಟೇಗೌಡರು. ಆಮೇಲೂ ಪುಟ್ಟೇಗೌಡರೇ.

ಗೌಡರು ತಮ್ಮ ಕಾಫಿ ಮುಗಿಸಿ, ತಂಗಿ ಮನೆಯದನ್ನೂ ಪಿಕಪ್ಪಿನಲ್ಲಿ ತುಂಬಿಕೊಂಡು ಬಂದರು. "ನೀವು ಇಷ್ಟು ಮರ್ಯಾದೆ ಕೊಡುವಾಗ ಬೇಡ ಅನ್ನೋದು ಹ್ಯಾಗೆ ಅಕ್ಕಾ" ಎಂದರು. ಹಿಂದೆಯೇ ಉಳಿದವರೆಲ್ಲ ಒದ್ದೆ ಚೀಲಗಳೊಂದಿಗೆ ಅಂಗಳ ತುಂಬಿದರು.

"ಗೌಡ್ರ ಮೇಲೆ ನಿನಗೇನು ಅಷ್ಟು ಪ್ರೀತಿ?" ಎಂದರು ಯಜಮಾನರು.

ತಪ್ಪು ಸಣ್ಣದು. ಪ್ರೋಗ್ರಾಮು ಶುರುವಾಗುವಾಗ ಒಮ್ಮೆ ಕರೆದು, ಸಿಕ್ಕ ಉತ್ತರವನ್ನೇ ಗಟ್ಟಿಯಾಗಿ ಹಿಡಿದು ಕುಳಿತಿತ್ತು. ಹೆಸರನ್ನು ಕೈಗಿಡುವ ಬದಲು ಹೆಸರು ಕೇಳುವ ದಾರಿಯನ್ನೇ ಕೈಗಿಟ್ಟೆ. ಇನ್ನು ಪ್ರತಿ ಸಂದೇಶಕ್ಕೂ ಹೊಸದಾಗಿ ಕೇಳಲೇಬೇಕು.

ಗೆದ್ದೆ! ಒಂದೊಂದು ಸಂಜೆಗೂ ಒಂದೊಂದು ಮನೆಯ ಹೆಸರು. ಜಗಳ ನಿಂತಿತು. ಒಂದು ಕಾಳೂ ಬೂಸ್ಟು ಹಿಡಿಯಲಿಲ್ಲ. ಪುಟ್ಟೇಗೌಡರೇ ಬಾಯ್ತುಂಬ ಹೊಗಳಿದರು. ಕಳಸದ ಕಡೆಯವರೂ ಪ್ರೋಗ್ರಾಮ್ ಬೇಕೆಂದು ಹೇಳಿ ಕಳಿಸಿದರು. ನಾನು ತರಗತಿಯಲ್ಲಿ ಇದನ್ನೇ ಒಂದು ಗಂಟೆ ಪಾಠ ಮಾಡಿ, ತಲೆಯೆತ್ತಿಕೊಂಡು ಮನೆಗೆ ಬಂದೆ.

ಯಜಮಾನರು ಜಗಲಿಯಲ್ಲಿ ಒದ್ದೆ ಕಾಫಿ ಕೆದಕುತ್ತ ಕುಳಿತಿದ್ದರು. "ಎಲ್ಲರದ್ದೂ ಒಂದು ಸುತ್ತು ಆಯ್ತು. ನಮ್ಮ ಸರದಿ ಯಾವಾಗ?"

ನೋಡಿದೆ. ಸರದಿಯ ಪಟ್ಟಿಗೆ ಅಕ್ಕಪಕ್ಕದ ಎಲ್ಲ ಮನೆಗಳನ್ನೂ ಸೇರಿಸಿದ್ದೆ, ನಮ್ಮ ಮನೆಯೊಂದನ್ನು ಬಿಟ್ಟು.

ಚೀಲ ಹೊತ್ತು ನಮ್ಮದೇ ಶೆಡ್ಡಿನ ಬಾಗಿಲಿಗೆ ಹೋಗಿ ನಿಂತೆ. ಒಳಗೆ ಇಬ್ರಾಹಿಂ ಸಾಬರ ಕಾಫಿ ಒಣಗುತ್ತಿತ್ತು.

"ಸಾಬ್ರೇ, ಒಂಚೂರು ಜಾಗ ಇದ್ಯಾ?"

"ಬನ್ನಿ ಮೇಡಂ, ಸಂಕೋಚ ಮಾಡ್ಕೋಬೇಡಿ. ನಿಮ್ಮದೇ ಮನೆ ಅಂದ್ಕೊಳ್ಳಿ" ಎಂದರು.