ಕೋತಿ ಕೂತ ಭಂಗಿ

ಹನ್ನೊಂದು ಜನರ ಆ ಜೀವಶಾಸ್ತ್ರದ ತರಗತಿಯಲ್ಲಿ ಪ್ರಾಕ್ಟಿಕಲ್ ರೆಕಾರ್ಡ್ ಬರೆಯುವ ಪದ್ಧತಿ ಒಂದೇ: ಸೀನಿಯರ್ ಅಕ್ಕನ ರೆಕಾರ್ಡ್ ಕೈಯಿಂದ ಕೈಗೆ ಹೋಗಬೇಕು, ಎಲ್ಲರೂ ನಕಲಿಳಿಸಬೇಕು. ಆ ಅಕ್ಕನೂ ತನ್ನ ಸೀನಿಯರ್‌ನಿಂದ ಹಾಗೆಯೇ ಇಳಿಸಿದ್ದಳು. ಎಲ್ಲರೂ ಕಡ್ಡಿ ಎಂದು ಕರೆಯುವ ನಮ್ಮ ಬಡಕಲು ಮಹಾಶಯ ಸಾಲಿನಲ್ಲಿ ಕೊನೆಯವನು. ಅವನಿಗೆ ಒಂದೇ ಒಂದು ಚಿತ್ರ ಬಾಕಿ ಇರುವಾಗ ಅಕ್ಕ ರೆಕಾರ್ಡ್ ಕಿತ್ತುಕೊಂಡು ಊರಿಗೆ ಹೊರಟುಬಿಟ್ಟಳು. ಉಳಿದ ಹತ್ತು ಜನರ ರೆಕಾರ್ಡ್‌ಗಳು ಆಗಲೇ ಮೇಡಂ ಮೇಜಿನ ಮೇಲಿದ್ದವು. ಇವತ್ತು ನಾಲ್ಕು ಗಂಟೆಯೊಳಗೆ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ, ಇಡೀ ವರ್ಷ ಮಣ್ಣುಪಾಲು.

ಬಾಕಿ ಉಳಿದದ್ದು ಕೋತಿಯ ಅಸ್ಥಿಪಂಜರ.

“ಮ್ಯೂಸಿಯಂಗೆ ಹೋಗಿ ನೋಡ್ಕೊಂಡು ಬರೀತೀನಿ,” ಎಂದ ಕಡ್ಡಿ.

“ನೋಡ್ಕೊಂಡಾ?” ವಾರ್ತೆ ಎಂಬ ಅಡ್ಡಹೆಸರಿನ ಗೆಳೆಯ ಬಾಯಿ ಬಿಟ್ಟ. “ತಲೆ ನೆಟ್ಟಗಿದೆಯೇನೋ? ನಮ್ಮ ಡಿಪಾರ್ಟ್‌ಮೆಂಟಲ್ಲಿ ಯಾರಾದ್ರೂ ಹಾಗೆ ಮಾಡ್ತಾರಾ?”

ಕಾರಿಡಾರಿನ ತುದಿಯಲ್ಲಿ ಮ್ಯೂಸಿಯಂ. ಬಾಗಿಲು ಬರೀ ಒರಗಿಸಿತ್ತು. ಒಳಗೆ ಫಾರ್ಮಲಿನ್ನಿನ ಘಾಟು. ಜಾಡಿಗಳಲ್ಲಿ ಮುಳುಗಿದ ಹಾವು, ಕಪ್ಪೆ, ಎರಡು ತಲೆಯ ಬೆಕ್ಕಿನ ಮರಿ, ಎಲ್ಲವೂ ಬಂದವನನ್ನೇ ನೋಡುತ್ತಿದ್ದಂತಿತ್ತು. ಮೂಲೆಯ ಪೀಠದ ಮೇಲೆ, ಮಬ್ಬು ಬೆಳಕಿನಲ್ಲಿ, ಕೋತಿಯ ಅಸ್ಥಿಪಂಜರ ಮೊಣಕಾಲ ಮೇಲೆ ಕೈಯಿಟ್ಟು ಕೂತಿತ್ತು.

ಕಡ್ಡಿ ತಲೆಬುರುಡೆ ಬರೆದ, ಪಕ್ಕೆಲುಬು ಬರೆದ, ಕೈ ಬರೆದ. ತಲೆಯೆತ್ತಿ ನೋಡಿದರೆ ಬಲಗೈ ಗಲ್ಲದ ಮೇಲಿತ್ತು. ತಾನೇ ಸರಿಯಾಗಿ ನೋಡಿಲ್ಲ ಎಂದುಕೊಂಡು ಅಳಿಸಿ ತಿದ್ದಿದ. ಮತ್ತೆ ತಲೆಯೆತ್ತಿದ. ಕೈ ಈಗ ನೆತ್ತಿಯ ಮೇಲೆ. ಕಾಗದ ತೂತು ಬೀಳುವಷ್ಟು ಅಳಿಸಿಯಾಗಿತ್ತು, ಗಂಟೆ ಎರಡೂವರೆಯಾಗಿತ್ತು. ಭಯಕ್ಕಿಂತ ಸಿಟ್ಟೇ ಮೇಲಾಯಿತು.

“ಸ್ವಲ್ಪ ಸುಮ್ನೆ ಕೂತ್ಕೊಳಪ್ಪಾ, ಟೈಮಿಲ್ಲ ನಂಗೆ!” ಎಂದು ಗದರಿದ.

ಅದು ಸುಮ್ಮನೆ ಕೂತಿತು.

ಹೇಳಿದ ಮಾತು ಕೇಳಿತಲ್ಲ ಎಂದು ಹೊಳೆದಾಗ ಕಡ್ಡಿ ಬಾಗಿಲ ಕಡೆಗೆ ಎರಡು ಹೆಜ್ಜೆ ಸರಿದ. ನೆತ್ತಿಯ ಮೇಲಿದ್ದ ಕೈಯನ್ನು ಹಾಗೇ ಇಳಿಸಿ, ಬಾಲದ ಮೂಳೆಗಳನ್ನು ಎಣಿಸಿ ಬರೆದು ಮುಗಿಸಿ, ಎದ್ದೆನೋ ಬಿದ್ದೆನೋ ಎಂದು ಓಡಿದ.

ಮೇಡಂ ಚಿತ್ರ ನೋಡಿ ಕನ್ನಡಕ ತೆಗೆದರು. “ಹತ್ತು ರೆಕಾರ್ಡಲ್ಲೂ ಕೈ ಮೊಣಕಾಲ ಮೇಲಿದೆ. ನಿನ್ನದ್ರಲ್ಲಿ ಮಾತ್ರ ತಲೆ ಕೆರ್ಕೊಳ್ತಾ ಇದೆ. ನೀನು ಮಾದರಿ ನೋಡೇ ಇಲ್ಲ!”

“ನಾನೊಬ್ನೇ ಮೇಡಂ ನೋಡಿ ಬರ್ದಿದ್ದು! ಬನ್ನಿ, ಬೇಕಾದ್ರೆ ತೋರಿಸ್ತೀನಿ.”

ಮೇಡಂ ಎದ್ದರು. ವಾರ್ತೆ ಕರೆಯದೆಯೇ ಹಿಂಬಾಲಿಸಿದ. ಮ್ಯೂಸಿಯಂ ನೋಡಿಕೊಳ್ಳುವ ಅಟೆಂಡರ್ ಸಪ್ಪೆ ಮುಖ ಮಾಡಿಕೊಂಡು ಬಂದ. ಒಳಗೆ ಪೀಠ ಖಾಲಿಯಿತ್ತು. ಅದರ ಮೇಲೆ ಬೆರಳು ದಪ್ಪದ ಧೂಳು, ಯಾರೂ ಕೂತ ಗುರುತಿಲ್ಲ.

“ಅದು ಬಿದ್ದು ಪುಡಿಯಾಗಿ ನಾಲ್ಕು ವರ್ಷ ಆಯ್ತು ಮೇಡಂ,” ಎಂದ ಅಟೆಂಡರ್. “ಯಾರೂ ನೋಡೋಕೆ ಬರ್ತಿರ್ಲಿಲ್ಲ, ಅದಕ್ಕೇ ಹೇಳ್ಲಿಲ್ಲ.”

ನಾಲ್ಕು ವರ್ಷದಿಂದ ‘ಮಾದರಿ ನೋಡಿ ಬರೆದದ್ದು’ ಎಂದು ಸಹಿ ಹಾಕುತ್ತ ಬಂದ ಮೇಡಂ ಮುಖ ಕಪ್ಪಿಟ್ಟಿತು. ಆ ಸಿಟ್ಟು ಹೋಗಿ ಇಳಿದದ್ದು ಕಡ್ಡಿಯ ತಲೆಯ ಮೇಲೆ.

“ಅವ್ರದ್ದು ನಕಲಾದ್ರೂ ಒಂದು ಕಾಲದಲ್ಲಿ ಇದ್ದ ಕೋತಿದು. ನೀನು ಇಲ್ಲದ್ದನ್ನ ನೋಡ್ಕೊಂಡು ಬರ್ದಿದೀಯಲ್ಲೋ!” ಅವರು ಹಾಳೆ ಹರಿದರು. “ಇಲ್ಲೇ ಕೂತು ನೆನಪಿಂದ ಮತ್ತೆ ಬರಿ. ನಾಲ್ಕಕ್ಕೆ ಬರ್ತೀನಿ.”

ಬಾಗಿಲು ಮುಚ್ಚಿತು. ಗಾಬರಿಯಲ್ಲಿ ಕಡ್ಡಿಗೆ ಒಂದು ಮೂಳೆಯೂ ನೆನಪಾಗಲಿಲ್ಲ. ಮೂರೂವರೆಯಾಯಿತು. ಅಕ್ಕಪಕ್ಕ ನೋಡಿ ಅವನು ಖಾಲಿ ಪೀಠಕ್ಕೆ ಕೈಮುಗಿದ.

“ಇನ್ನು ಬೈಯಲ್ಲಪ್ಪಾ. ಹೇಗೆ ಬೇಕೋ ಹಾಗೆ ಕೂತ್ಕೋ. ಒಂದ್ಸಲ ಬಾ.”

ನಾಲ್ಕು ಹೊಡೆಯಿತು. ಅದು ಬರಲಿಲ್ಲ. ಮೇಡಂ ಬಂದರು.