ಅಧಿಕಾರಿ ಪರೀಕ್ಷೆಯೂ ಒಟ್ಟಿದ ಚೀಲಗಳೂ

ತಾನು ಜಾಣನೆಂದು ನಂಬಿದವನ ಮನೆಯಲ್ಲಿ ಓದುವ ಮಗಳಿರಬಾರದು. ನಾನು ಅಕ್ಕಿಆಲೂರಿನ ಅಕ್ಕಿ ಗಿರಣಿಯೊಂದರಲ್ಲಿ ಮೂವತ್ತು ವರ್ಷದಿಂದ ಗುಮಾಸ್ತ. ಒಟ್ಟಿದ ಚೀಲಗಳು ಎಷ್ಟೆಂದು ಬಾಗಿಲಲ್ಲಿ ನಿಂತೇ ಹೇಳಬಲ್ಲೆ. ಹಾಗಾಗಿ ಮಗಳು ಗಿರಿಜಾ ಸೇನಾಧಿಕಾರಿ ಪರೀಕ್ಷೆಗೆ ಓದತೊಡಗಿದಾಗ, ಯಾರೂ ಕೇಳದಿದ್ದರೂ ಕಲಿಸುವ ಹೊಣೆ ಹೊತ್ತೆ. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಇದೇ ಕೊನೆಯ ಅವಕಾಶ.

ಸೇನೆಯೆಂದರೆ ಎದೆಯ ಸುತ್ತಳತೆ, ಓಟ ಎಂದುಕೊಂಡಿದ್ದೆ. ಪುಸ್ತಕ ತೆರೆದರೆ ಅಳತೆಯೇ ಬೇರೆ. ಓದಿದ್ದು ಬೇಗ ತಿಳಿಯುತ್ತದೆಯೇ, ಲೆಕ್ಕ ತಟ್ಟನೆ ಹೊಳೆಯುತ್ತದೆಯೇ, ಮಡಚಿದ ಕಾಗದ ಬಿಚ್ಚಿದರೆ ಹೇಗಿರುತ್ತದೆಂದು ಮನಸ್ಸಿನಲ್ಲೇ ಕಾಣಬಲ್ಲಿರಾ, ಗಡಿಯಾರ ಓಡುವಾಗ ತಲೆ ಸ್ಥಿರವಾಗಿರುತ್ತದೆಯೇ, ಇವೇ ಎಲ್ಲ. ದೇಶಭಕ್ತಿಯ ಬಗ್ಗೆ ಒಂದೂ ಪ್ರಶ್ನೆಯಿರಲಿಲ್ಲ. ನಾನು ತಯಾರಾಗಿದ್ದುದು ಅದಕ್ಕೊಂದಕ್ಕೇ.

ಕೊನೆಗೆ ಒಂದು ಪುಟದಲ್ಲಿ ಒತ್ತಾಗಿ ಒಟ್ಟಿದ ಇಟ್ಟಿಗೆಗಳ ಚಿತ್ರ ಸಿಕ್ಕಿತು. ಒಟ್ಟು ಎಷ್ಟು? ನನ್ನ ಕಸುಬೇ ಬಂತಲ್ಲ! “ಐವತ್ನಾಕು” ಎಂದೆ. ಪುಸ್ತಕದ ಉತ್ತರ ಅರವತ್ತು. ಮುಂದಿನದೂ ತಪ್ಪು, ಅದರ ಮುಂದಿನದೂ ತಪ್ಪು.

“ಅಪ್ಪಾ, ನಿಂದು ಯಾವಾಗ್ಲೂ ಕಡಿಮಿನ ಬರ್ತೈತಲ್ಲ, ಯಾಕ?”

“ಸುತ್ತ ಚೀಲ ಒಟ್ಟಿ ನಡುವ ಖಾಲಿ ಬಿಡೋ ಮಂದಿನ್ನ ಭಾಳ ನೋಡೇನವ್ವಾ. ಅದನ್ನ ಕಳದು ಹೇಳೇನಿ.”

“ಇಲ್ಲಿ ಯಾರೂ ಮೋಸ ಮಾಡಂಗಿಲ್ಲ. ಕಣ್ಣಿಗೆ ಕಾಣಲಾರದ್ದನ್ನ ಮನಸಿನ್ಯಾಗ ಕಾಣಬೇಕು, ಅಷ್ಟ.”

ಗಿರಣಿಯಲ್ಲಿ ಸಾಹುಕಾರರು ಬೆನ್ನು ತಟ್ಟಿದ ಗುಣಕ್ಕೆ ಇಲ್ಲಿ ಸೊನ್ನೆ. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ನನ್ನ ಅನುಮಾನದ ರೋಗ ಅವಳಿಗೂ ಅಂಟಿತು. ಪರೀಕ್ಷೆಗೆ ವಾರವಿರುವಾಗ ಅವಳೂ ಅಂಥ ಪ್ರತಿ ಚಿತ್ರದ ಮುಂದೆ ತಡವರಿಸತೊಡಗಿದಳು. ಸಮಯ ಮುಗಿದರೂ ಪ್ರಶ್ನೆಗಳು ಉಳಿಯುತ್ತಿದ್ದವು. ನನಗೆ ನಿಜಕ್ಕೂ ಭಯವಾಯಿತು. ಹೆಂಡತಿ ನನ್ನ ಕೈಯಿಂದ ಪುಸ್ತಕ ಕಸಿದುಕೊಂಡಳು.

“ನೀವು ಗಿರಣಿಗೆ ಹೋಗ್ರಿ. ಆಕಿ ಪರೀಕ್ಷಾಕ್ಕ ಹೋಗ್ತಾಳ.”

ಹೋದೆ. ಆ ವಾರವೆಲ್ಲ ಪುಸ್ತಕದ ಹತ್ತಿರ ಸುಳಿಯಲಿಲ್ಲ.

ಗಿರಿಜಾ ಲಿಖಿತ ಪರೀಕ್ಷೆಯಲ್ಲಿ ಪಾಸಾದಳು. ನನ್ನ ಕಣ್ಣು ತುಂಬಿ ಬಂತು. “ಆ ಇಟ್ಟಂಗಿ ಪ್ರಶ್ನಿ ಬಂದಿತ್ತೇನವ್ವಾ?” ಎಂದು ಕೇಳಿದೆ.

“ಬಂದಿತ್ತು. ನೀ ಹೇಳಿದ್ದು ನೆನಪಾತು. ಅದನ್ನ ತಲಿಯಿಂದ ತಗದು, ಪೂರ್ತಿ ಎಣಿಸಿ ಉತ್ತರ ಬರದೆ.”

ಮರುದಿನ ನಮ್ಮ ಓಣಿಯ ಇಬ್ಬರು ಬಂದು, “ಮಗಳಿಗೆ ನೀವ ಕಲಿಸೀರಂತಲ್ರಿ, ನಮ್ಮ ಹುಡುಗ್ರಿಗೂ ಒಂದೀಟು ಹೇಳಿಕೊಡ್ರಿ” ಎಂದರು. ನಿಜ ಹೇಳಿಬಿಡಬೇಕಿತ್ತು. ಗಿರಿಜಾ ಒಳಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

“ಆತ್ರಿ, ಐತವಾರ ಕಳಸ್ರಿ” ಎಂದೆ.